ನಾಣ್ಯ ತೊಳೆದರೆ ತಪ್ಪಾ?

ನಾನು ಹಳೆ ನಾಣ್ಯ ಕೂಡಿಡುತ್ತೇನೆ ಅಂತ ಗೊತ್ತಾದರೆ ಸಾಕು, ಜನ ಕೇಳುವುದು ಒಂದೇ: "ಅಜ್ಜಿ ಪೆಟ್ಟಿಗೆಯಲ್ಲಿ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ ಇತ್ತು, ಪೂರ್ತಿ ಕಪ್ಪಾಗಿದೆ. ಯಾವುದರಲ್ಲಿ ತೊಳೀಲಿ?" ತೊಳೀಬೇಡಿ ಅನ್ನುತ್ತೇನೆ. ತಕ್ಷಣ ಮುಂದಿನ ಪ್ರಶ್ನೆ: "ನನ್ನ ನಾಣ್ಯ, ನಾನು ತೊಳೆದರೆ ತಪ್ಪೇನು?"

ತಪ್ಪೇನಿಲ್ಲ. ತೊಳೆದದ್ದನ್ನು ಬಚ್ಚಿಟ್ಟು ಇನ್ನೊಬ್ಬರಿಗೆ ಮಾರಿದರೆ ತಪ್ಪು. ಆದರೆ ತೊಳೆದರೆ ಏನಾಗುತ್ತದೆ ಅಂತ ಮೊದಲು ತಿಳಿದುಕೊಳ್ಳಿ.

ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದಿಂದ. ಅದು ಮೇಲೆ ಕೂತ ಕೊಳೆ ಅಲ್ಲ. ನಾಣ್ಯದ ಬೆಳ್ಳಿಯೇ ಗಂಧಕದ ಜೊತೆ ಸೇರಿ ಆದ ಪದರ. ಉಜ್ಜಿದರೆ ಆ ಬೆಳ್ಳಿಯೂ ಹೋಗುತ್ತದೆ. ಅಚ್ಚು ಬೀಳುವಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿದು ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೂಡುತ್ತವೆ. ಹೆಚ್ಚು ಕೈ ಬದಲಾಯಿಸದ ನಾಣ್ಯವನ್ನು ದೀಪದ ಕೆಳಗೆ ಓರೆ ಮಾಡಿ ನೋಡಿ, ಹೊಳಪು ಚಕ್ರದ ಹಾಗೆ ಸುತ್ತುತ್ತದೆ. ಪಾತ್ರೆ ಪುಡಿಯಲ್ಲೋ ಟೂತ್‌ಪೇಸ್ಟ್‌ನಲ್ಲೋ ತಿಕ್ಕಿದರೆ ಆ ಗೆರೆಗಳು ಸವೆದು ಹೋಗುತ್ತವೆ. ಆಮೇಲೆ ಉಳಿಯುವುದು ಸ್ಟೀಲ್ ತಟ್ಟೆಯ ಥಳಥಳ. ಭೂತಗನ್ನಡಿ ಹಿಡಿದರೆ ತಿಕ್ಕಿದ ಗೀರುಗಳೆಲ್ಲ ಕಾಣುತ್ತವೆ. ನಾಣ್ಯದ ಸ್ಥಿತಿ ನೋಡಿ ಅಂಕ ಕೊಡುವ ಪಿಸಿಜಿಎಸ್, ಎನ್‌ಜಿಸಿಯಂಥ ಗ್ರೇಡಿಂಗ್ ಕಂಪನಿಗಳು ಹೀಗೆ ಉಜ್ಜಿದ ನಾಣ್ಯಕ್ಕೆ ಅಂಕ ಕೊಡುವುದಿಲ್ಲ, 'ಕ್ಲೀನ್ಡ್' ಅಂತ ಬರೆದುಬಿಡುತ್ತವೆ.

ರಾಣಿ ರೂಪಾಯಿಯಲ್ಲಿ ಇನ್ನೊಂದು ತಮಾಷೆ ಇದೆ. 1862 ಅಂತ ಇಸವಿ ಇರುವ ರೂಪಾಯಿಯನ್ನು ಅದೇ ಇಸವಿ ಹಾಕಿ ಎಷ್ಟೋ ವರ್ಷ ಅಚ್ಚು ಹಾಕಿದರು. ಹಿಂಬದಿಯ ಪುಟಾಣಿ ಚುಕ್ಕೆಗಳನ್ನು ಎಣಿಸಿ ಸಂಗ್ರಾಹಕರು ಒಂದೊಂದು ಬಗೆಯನ್ನೂ ಬೇರೆ ಮಾಡುತ್ತಾರೆ. ಸವೆದ ನಾಣ್ಯವನ್ನು ಜೋರಾಗಿ ಪಾಲಿಷ್ ಮಾಡಿದರೆ ಮೊದಲು ಹೋಗುವುದು ಆ ಚುಕ್ಕೆಗಳೇ.

ತಾಮ್ರಕ್ಕಂತೂ ನಮ್ಮ ಹುಣಸೆಹಣ್ಣೇ ಶತ್ರು. ಟಿಪ್ಪುವಿನ ಆನೆ ಪೈಸೆಯನ್ನು ತೊಳೆದು ಗುಲಾಬಿ ಬಣ್ಣಕ್ಕೆ ತಂದವರನ್ನು ಕಂಡಿದ್ದೇನೆ. ಹುಳಿಗೆ ಕಂದು ಪದರ ಕರಗಿ ಬರೀ ತಾಮ್ರ ಹೊರಗೆ ಬರುತ್ತದೆ. ಇನ್ನೂರು ವರ್ಷದ್ದು ಅರ್ಧ ಗಂಟೆಯಲ್ಲಿ ಹೋಯಿತು, ಅಷ್ಟೇ.

ಹಾಗಂತ ಮುಟ್ಟಲೇಬಾರದು ಅನ್ನುವ ಮಡಿಯೂ ನನಗಿಲ್ಲ. ಅಗ್ಗದ ಪಿವಿಸಿ ಹಾಳೆಯಲ್ಲಿಟ್ಟ ನಾಣ್ಯಕ್ಕೆ ಹಸಿರು ಅಂಟು ಹತ್ತುತ್ತದೆ. ಅದನ್ನು ಶುದ್ಧ ಅಸಿಟೋನ್‌ನಲ್ಲಿ ಅದ್ದಿ ತೆಗೆಯಲೇಬೇಕು (ಉಗುರು ಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಬೇರೆ ಏನೇನೋ ಇರುತ್ತದೆ). ಅಸಿಟೋನ್ ಲೋಹಕ್ಕೆ ಏನೂ ಮಾಡುವುದಿಲ್ಲ. ತಾಮ್ರ, ಕಂಚಿನ ಮೇಲೆ ತಿಳಿ ಹಸಿರು ಪುಡಿ ಉದುರುತ್ತಿದ್ದರೆ ಅದು ಕಂಚಿನ ರೋಗ. ಒಳಗೆ ಸೇರಿದ ಕ್ಲೋರೈಡ್ ತೇವ ಸಿಕ್ಕಾಗಲೆಲ್ಲ ಲೋಹವನ್ನು ತಿನ್ನುತ್ತಿರುತ್ತದೆ. ಅಲ್ಲಿ ಸುಮ್ನೆ ಕೂರುವುದೇ ತಪ್ಪು. ಒಣಗಿದ ಜಾಗದಲ್ಲಿ ಬೇರೆ ಇಟ್ಟು, ತಿಳಿದವರ ಕೈಗೆ ಕೊಡಿ.

ಇನ್ನು ತಿದ್ದುವ ವಿಷಯ. ಇದು ತೊಳೆಯುವುದಕ್ಕಿಂತ ದೊಡ್ಡದು. ನಮ್ಮ ಹಳ್ಳಿಗಳಲ್ಲಿ ಬೆಳ್ಳಿ ರೂಪಾಯಿಗೆ ಕೊಂಡಿ ಬೆಸೆದು, ಇಲ್ಲವೇ ತೂತು ಹಾಕಿ, ಸರ ಮಾಡಿ ಹಾಕಿಕೊಳ್ಳುತ್ತಿದ್ದರು. ಆ ತೂತು ನನಗೆ ಯಾವತ್ತೂ ಹಾನಿ ಅನಿಸಿಲ್ಲ. ಯಾರದೋ ಕೊರಳಲ್ಲಿ ಇದ್ದದ್ದಕ್ಕೆ ಅದೇ ಗುರುತು. ಆದರೆ ಅದೇ ತೂತಿಗೆ ಬೆಳ್ಳಿ ತುಂಬಿ, ಅಳಿದ ಅಕ್ಷರವನ್ನು ಕೆತ್ತಿ, ಮೇಲೆ ಕಪ್ಪು ಹಚ್ಚಿ "ಒರಿಜಿನಲ್ ಸರ್" ಅನ್ನುತ್ತಾರಲ್ಲ, ಅದು ಮೋಸ. ಕೆಲಸ ಎಷ್ಟು ನಾಜೂಕೋ ಮೋಸ ಅಷ್ಟು ಜಾಸ್ತಿ.

ಹಾಗಾದರೆ ತಿದ್ದಿದ ನಾಣ್ಯಕ್ಕೆ ಬೆಲೆಯೇ ಇಲ್ಲವಾ? ನಾಸಿಕದ ಹತ್ತಿರ ಜೋಗಲ್‌ತೆಂಬಿಯಲ್ಲಿ 1906ರಲ್ಲಿ ಸಿಕ್ಕ ನಿಧಿ ನೋಡಿ. ಪಶ್ಚಿಮ ಭಾರತ ಆಳುತ್ತಿದ್ದ ಕ್ಷತ್ರಪ ವಂಶದ ದೊರೆ ನಹಪಾನನ ಬೆಳ್ಳಿ ನಾಣ್ಯಗಳು, 13 ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಮೂರನೇ ಎರಡು ಭಾಗದಷ್ಟರ ಮೇಲೆ ಶಾತವಾಹನರ ಗೌತಮೀಪುತ್ರ ಶಾತಕರ್ಣಿ ತನ್ನ ಅಚ್ಚು ಒತ್ತಿಸಿದ್ದ. ನಹಪಾನನ ಮುಖ ಅಡಿಯಲ್ಲಿ ಇನ್ನೂ ಕಾಣುತ್ತದೆ. ಯಾರು ಯಾರನ್ನು ಸೋಲಿಸಿದರು ಅಂತ ಇತಿಹಾಸಕಾರರು ಹೇಳುವುದಕ್ಕೆ ಆ ತಿದ್ದುಪಡಿಯೇ ಸಾಕ್ಷಿ. ಶಾತಕರ್ಣಿ ಬಚ್ಚಿಡಲು ತಿದ್ದಲಿಲ್ಲ, ತೋರಿಸಲು ತಿದ್ದಿದ.

ಕೊಳ್ಳುವವರಿಗೆ ಇಷ್ಟು ಹೇಳುತ್ತೇನೆ. ರೂಪಾಯಿಯ ಅಂಚನ್ನು ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿ. ಸಾಲಾಗಿ ಬಂದ ಗೆರೆಗಳು ಒಂದು ಕಡೆ ತಪ್ಪಿದ್ದರೆ ಅಲ್ಲಿ ಕೊಂಡಿ ಇತ್ತು, ಅರ ಹಾಕಿ ತೆಗೆದಿದ್ದಾರೆ. ಆದರೂ ನಾಣ್ಯ ಇಷ್ಟವಾಯಿತಾ? ತಗೊಳ್ಳಿ. ಬಿಲ್‌ನಲ್ಲಿ 'ಕೊಂಡಿ ತೆಗೆದಿದೆ' ಅಂತ ಬರೆದುಕೊಡಲು ಕೇಳಿ. ಅಂಗಡಿಯವರು ಬರೆಯಲು ಹಿಂದೆ ಮುಂದೆ ನೋಡಿದರೆ ಚೌಕಾಸಿಗೂ ನಿಲ್ಲಬೇಡಿ.