ಇಬ್ರಾಹಿಂ ಇಬ್ಬರು, ಅಲಿ ಇಬ್ಬರು

ವಿಜಯಪುರ ನೋಡಾಕ ಬಂದವರು ಎಡವೂದು ಇಲ್ಲಿ ಆಳಿದ ಆದಿಲ್‌ಶಾಹಿ ಸುಲ್ತಾನರ ಹೆಸರಿನಾಗ. ಪಟ್ಟಕ್ಕ ಬಂದ ಸಾಲು ನೆನಪಿಟ್ಟುಕೊಂಡರ ಅರ್ಧ ಗೊಂದಲ ಹೋಗತೈತಿ: ಇಬ್ರಾಹಿಂ (1534), ಅಲಿ (1558), ಮತ್ತ ಇಬ್ರಾಹಿಂ (1580), ಮುಹಮ್ಮದ್ (1627), ಮತ್ತ ಅಲಿ (1656).

ಇಬ್ರಾಹಿಂ ರೋಜಾ ಅನ್ನೂ ಗೋರಿ ಎರಡನೇ ಇಬ್ರಾಹಿಂನದು. ಮೊದಲನೆಯವನ ಗೋರಿ ಊರಾಗ ಹುಡುಕಿದರ ಸಿಗಂಗಿಲ್ಲ, ಅದು ಯಾದಗಿರಿ ಜಿಲ್ಲೆಯ ಗೋಗಿಯೊಳಗ ಐತಿ. ಇವರು ಅಪ್ಪ-ಮಗ ಅಲ್ಲ, ಅಜ್ಜ-ಮೊಮ್ಮಗ. ಅಜ್ಜನ ಹೆಸರು ಮೊಮ್ಮಗಗ ಇಡೂದು ನಮ್ಮ ಕಡೆ ಹೊಸದೇನಲ್ಲ ಬಿಡ್ರಿ. ‘ಕಿತಾಬ್-ಎ-ನವರಸ್’ ಅನ್ನೂ ಹಾಡಿನ ಪುಸ್ತಕದಾಗ ಸರಸ್ವತಿ, ಗಣಪತಿಯನ್ನ ಹಾಡಿದವ ಈ ಮೊಮ್ಮಗನೇ, ಆ ಪದಗಳನ್ನ ಅಜ್ಜನ ಲೆಕ್ಕಕ್ಕ ಹಚ್ಚಬ್ಯಾಡ್ರಿ.

ಅಲಿಗಳದು ಇನ್ನೂ ತೊಡಕು. 1565ರ ರಕ್ಕಸತಂಗಡಿ ಕಾಳಗಕ್ಕ ಹೋದವ, ಜಾಮಿಯಾ ಮಸೀದಿ ಕಟ್ಟಿಸಾಕ ಹಚ್ಚಿದವ ಒಂದನೇ ಅಲಿ. ಅವನ ಗೋರಿ ಭಾಳ ಸಾದಾ, ಮಂದಿ ನೋಡದ ದಾಟಿ ಹೋಗ್ತಾರ. ಮಾಳಗಿ ಇಲ್ಲದ ಕರಿಕಲ್ಲಿನ ಬಾರಾ ಕಮಾನ್ ಎರಡನೇ ಅಲಿಯ ಗೋರಿ. ಅವ 1672ರಾಗ ತೀರಿಕೊಂಡ, ಕಟ್ಟೂ ಕೆಲಸ ಅರ್ಧಕ್ಕ ನಿಂತಿತು. ಗೋಲಗುಮ್ಮಟದ ಮುಹಮ್ಮದ್ ಇವನ ಅಪ್ಪ.