ಒಂದೇ ಒಂದು ಮೈನಸ್

ಹೋದ ವಾರ ರಾತ್ರಿ ಹನ್ನೊಂದಕ್ಕೆ ಕರೆಂಟ್ ಹೋಯ್ತು. ಮೂರು ದಿನದಿಂದ ಓಡುತ್ತಿದ್ದ ಲೆಕ್ಕವೂ ಅದರ ಜೊತೆಗೇ ಹೋಯ್ತು. ಯುಪಿಎಸ್ ಬ್ಯಾಟರಿ ಬದಲಿಸಬೇಕು ಅಂತ ಯುಗಾದಿಯಿಂದ ಅಂದುಕೊಳ್ಳುತ್ತಲೇ ಇದ್ದೆ. ತಪ್ಪು ನನ್ನದೇ.

ಲೆಕ್ಕ ಅಂದರೆ ಸಿಮೆಂಟ್ ಭಟ್ಟಿಯ ಹೊಗೆ ತಿಳಿಯಾಗಿಸುವ ಕ್ರಿಯೆಯಲ್ಲಿ ಒಂದು ಹೈಡ್ರೋಜನ್ ಪರಮಾಣುವಿನ ಜಿಗಿತ, ಕಂಪ್ಯೂಟರಿನಲ್ಲಿ. ನಮ್ಮೂರು ಸೇಡಂ ಹತ್ತಿರ. ಮನೆಗೆ ಹಾಸಿದ ಫರ್ಸಿಯೂ ಸಿಮೆಂಟಿಗೆ ಹೋಗುವ ಕಲ್ಲೂ ಒಂದೇ ಜಾತಿ, ಸುಣ್ಣದಕಲ್ಲು. ಅದು ಕ್ಲಿಂಕರ್, ಅಂದರೆ ಅರೆದರೆ ಸಿಮೆಂಟಾಗುವ ಗಟ್ಟಿ, ಆಗಬೇಕಾದರೆ 1450 ಡಿಗ್ರಿ ಬೇಕು. ಭಟ್ಟಿಯ ಉರಿ 2000ದ ಆಸುಪಾಸು. ಆ ಬಿಸಿಗೆ ಗಾಳಿಯೊಳಗಿನ ನೈಟ್ರೋಜನ್ನೇ ಒಡೆದು ನೈಟ್ರಿಕ್ ಆಕ್ಸೈಡ್ ಎಂಬ ಗಾಳಿ ಕೆಡಿಸುವ ಅನಿಲ ಆಗುತ್ತದೆ. ಅದನ್ನು ತಗ್ಗಿಸಲು ಯೂರಿಯಾ ಇಲ್ಲವೇ ಅಮೋನಿಯಾ ನೀರು ಸಿಂಪಡಿಸುವ ಪದ್ಧತಿಯುಂಟು. ಹೌದು, ಹೊಲಕ್ಕೆ ಚೆಲ್ಲುವ ಅದೇ ಯೂರಿಯಾ. 850ರಿಂದ 1050 ಡಿಗ್ರಿಯೊಳಗೇ ಅದರ ಆಟ. ಬಿಸಿ ಮೀರಿದರೆ ಅಮೋನಿಯಾವೇ ಉರಿದು ನೈಟ್ರಿಕ್ ಆಕ್ಸೈಡ್ ಹೆಚ್ಚುತ್ತದೆ, ಕಡಿಮೆಯಾದರೆ ಅಮೋನಿಯಾ ಹಾಗೇ ಚಿಮಣಿ ಹತ್ತುತ್ತದೆ.

ಒಂದು ಹೈಡ್ರೋಜನ್ ಕಳಕೊಂಡ ಅಮೋನಿಯಾ ನೈಟ್ರಿಕ್ ಆಕ್ಸೈಡಿಗೆ ಅಂಟುತ್ತದೆ. ಆಮೇಲೆ ನೈಟ್ರೋಜನ್ ಮೇಲಿನ ಹೈಡ್ರೋಜನ್ ಆಕ್ಸಿಜನ್ ಮೇಲಕ್ಕೆ ಜಿಗಿಯಬೇಕು. ಜಿಗಿದರೆ ಬರೀ ನೈಟ್ರೋಜನ್, ನೀರು ಆಗುವ ದಾರಿ ತೆರೆಯಿತು. ನಡುವೆ ದಾಟಬೇಕಾದ ಶಕ್ತಿಯ ದಿಬ್ಬದ ಎತ್ತರ ಎಷ್ಟು? ನೆತ್ತಿ ಸಿಕ್ಕಿತು ಅನ್ನಲು ಗುರುತು, ಅಣುವಿನ ಕಂಪನಗಳ ಪಟ್ಟಿಯಲ್ಲಿ ಒಂದೇ ಒಂದು ಮೈನಸ್ ಸಂಖ್ಯೆ, ಅಂದರೆ ಒಂದೇ ದಾರಿಯಲ್ಲಿ ಇಳಿಜಾರು. ನನಗೆ ಎರಡೆರಡು ಬರುತ್ತಿದ್ದವು. ಕೊನೆಗೆ ಒಂದೇ ಬಂತು. ಪರದೆ ಮೇಲೆ ಆ ಹೈಡ್ರೋಜನ್ ಎರಡೂ ಕಡೆ ತೊಟ್ಟಿಲಿನಂತೆ ತೂಗಿತು. ಎಷ್ಟು ಸಲ ನೋಡಿದೆನೋ!

ಡಿಎಫ್‌ಟಿ ಎಂಬ ಅಗ್ಗದ ಲೆಕ್ಕದ ವಿಧಾನದಲ್ಲಿ ಇದು ನಿಮಿಷಗಳ ಕೆಲಸ. ಆದರೆ ಅದು ದಿಬ್ಬವನ್ನು ಕುಳ್ಳಗೆ ತೋರಿಸುವುದೇ ಹೆಚ್ಚು. ಎತ್ತರ ಒಂದು ಕಿಲೋಕ್ಯಾಲರಿ ತಪ್ಪಿದರೆ ಕೋಣೆಯ ಬಿಸಿಯಲ್ಲಿ ಕ್ರಿಯೆಯ ವೇಗದ ಲೆಕ್ಕ ಐದು ಪಟ್ಟು ಎಡವುತ್ತದೆ, 1000 ಡಿಗ್ರಿಯಲ್ಲಿ ಒಂದೂವರೆ ಪಟ್ಟು. ಅದಕ್ಕೇ ಕಪಲ್ಡ್ ಕ್ಲಸ್ಟರ್ ಎಂಬ ನಿಧಾನದ, ಹೆಚ್ಚು ನಿಖರ ವಿಧಾನದಲ್ಲಿ ಮತ್ತೊಮ್ಮೆ ತಾಳೆ ನೋಡುತ್ತಿದ್ದೆ. ಕರೆಂಟ್ ನುಂಗಿದ್ದು ಅದನ್ನೇ.

ಬೇಜಾರಲ್ಲಿ ಊರಿಗೆ ಹೋದೆ. ಗ್ಯಾಸ್ ಇದ್ದರೂ ಅವ್ವನ ರೊಟ್ಟಿ ತೊಗರಿ ಕಟ್ಟಿಗೆ ಒಲೆ ಮೇಲೆಯೇ. "ಹೊಗಿ ಇಲ್ಲಿ ಕಣ್ಣಾಗ ಹೊಂಟದ, ನೀ ಕಂಪ್ಯೂಟರ್‌ದಾಗ ಹುಡುಕ್ಲತ್ತಿ" ಅಂದಳು.

ಆ ಒಲೆಯಲ್ಲೂ ಒಂದಿಷ್ಟು ನೈಟ್ರಿಕ್ ಆಕ್ಸೈಡ್ ಹುಟ್ಟುತ್ತದೆ. ಆದರೆ ಗಾಳಿಯ ನೈಟ್ರೋಜನ್ ಒಡೆಯುವಷ್ಟು ಬಿಸಿ ಅಲ್ಲಿಲ್ಲ, ಕಟ್ಟಿಗೆಯೊಳಗಿನದೇ ಉರಿಯುವುದು. ಕಟ್ಟಿಗೆಗೆ ಅದು ಎಲ್ಲಿಂದ ಬಂತು? ತೊಗರಿ ಬೇರಿನ ಗಂಟಿನೊಳಗಿನ ಬ್ಯಾಕ್ಟೀರಿಯಾ ಗಾಳಿಯಿಂದಲೇ ಹಿಡಿದಿದ್ದು ಅದರಲ್ಲಿ ಬಹಳಷ್ಟು. 2000 ಡಿಗ್ರಿಯ ಕೆಲಸವನ್ನು ನಮ್ಮ ಎರೆಮಣ್ಣಿನ ತಂಪಿನಲ್ಲಿ ಕೂತು ಮಾಡುತ್ತವೆ! ಇದನ್ನು ಅವ್ವಗೆ ಹೇಳಹೋದೆ.

"ಇರ್ಲಿ, ಮೊದಲ ಊದು" ಅಂತ ಊದುಗೊಳವಿ ಕೈಗಿಟ್ಟಳು.

ಹೊಸ ಬ್ಯಾಟರಿ ಹಾಕಿಸಿದೆ. ಇವತ್ತಿಗೆ ಎರಡನೇ ದಿನ ಓಡುತ್ತಿದೆ.