ಇಳಿಜಾರಿನಲ್ಲಿ ಹೊಟ್ಟೆ ತುಂಬಿಸಿಕೊಂಡ ಬಸ್ಸು

ಮೂರು ಭಾನುವಾರ ಹಾಳಾಯಿತು. ನಾಲ್ಕನೆಯದರಲ್ಲಿ ನಾನು ಕಟ್ಟಿದ ಮಾಡೆಲ್ ಬಸ್ಸು ಕೊನೇ ಸ್ಟಾಪ್‌ವರೆಗೆ ಹೋಗಿ, ನಿಲ್ಲಬೇಕಾದ ಜಾಗದಲ್ಲೇ ನಿಂತಿತು. ಅಷ್ಟಕ್ಕೇ ಇಡೀ ದಿನ ಖುಷಿಯಲ್ಲಿದ್ದೇನೆ.

ಬಸ್ಸಿನ ಜಾತಕ ಚುಟುಕಾಗಿ: 1:8 ಅಳತೆಯ (ನಿಜದ ಬಸ್ಸಿನ ಎಂಟನೇ ಒಂದರಷ್ಟು) ಸಿಟಿ ಬಸ್, ಸೀರೀಸ್ ಹೈಬ್ರಿಡ್. ತೋಟದ ಕಳೆ ಹೊಡೆಯುವ ಮಷಿನ್‌ನ ಹಳೇ 26 ಸಿಸಿ ಎಂಜಿನ್ ಜನರೇಟರನ್ನು ತಿರುಗಿಸುತ್ತದೆ, ಚಕ್ರದ ಕೆಲಸ ಪೂರ್ತಿ ಮೋಟಾರಿನದು. ನಡುವೆ ಒಂದರ ಹಿಂದೊಂದು ಜೋಡಿಸಿದ ಆರು ಸೂಪರ್ ಕೆಪಾಸಿಟರ್, ಬ್ಯಾಟರಿಯ ಹಾಗೆ ಕರೆಂಟ್ ಹಿಡಿದಿಡುವ ಡಬ್ಬಿಗಳು. ಪ್ರಯಾಣಿಕರ ಬದಲು ಕೂತ ಅಕ್ಕಿ ಚೀಲವೂ ಸೇರಿ 18 ಕೆಜಿ. ಬಾಡಿ, ಪೇಂಟ್ ಕಥೆ ಬಿಡಿ.

ರೂಟ್: ಮಡಿಕೇರಿಯಲ್ಲಿ ನಮ್ಮ ಗೇಟಿನಿಂದ ಕೆಳಗಿನ ಅಂಗಡಿವರೆಗೆ. ಕಾಂಕ್ರೀಟ್ ರಸ್ತೆ, 300 ಮೀಟರ್ ಉದ್ದ, 30 ಮೀಟರ್ ಇಳಿತ. ಕಂಡಕ್ಟರ್ ಅಕ್ಕನ ಮಗ. ವಿಷಲ್ ಅವನದೇ, ಜಂಬವೂ ಅವನದೇ.

ಮೊದಲ ಭಾನುವಾರ ಎರಡನೇ ಸ್ಟಾಪ್ ದಾಟುವಷ್ಟರಲ್ಲಿ ಬ್ರೇಕ್ ಮಾಯ. ಬಸ್ಸು ನೇರ ಪಕ್ಕದ ಮನೆ ಆಂಟಿ ಟಾರ್ಪಾಲಿನಲ್ಲಿ ಒಣಗಿಸಿದ್ದ ಕಾಫಿಗೆ ನುಗ್ಗಿತು. "ಎಂಥ ಮಾರಾಯ, ನಿನ್ನ ಬಸ್ಸಿಗೆ ಬ್ರೇಕೇ ಇಲ್ವಾ?" ಇತ್ತು ಆಂಟಿ, ಮೋಟಾರ್ ಬ್ರೇಕ್ ಮಾತ್ರ ಇತ್ತು. ಬೇರೆ ಬ್ರೇಕ್ ಹಾಕದೆ ಬಿಟ್ಟದ್ದು ನನ್ನದೇ ಸೋಮಾರಿತನ. ಇಳಿಯುವಾಗ ಮೋಟಾರೇ ಜನರೇಟರ್ ಆಗಿ ಕರೆಂಟ್ ವಾಪಸ್ ಕಳಿಸುತ್ತದೆ. ಕೆಪಾಸಿಟರ್ 16 ವೋಲ್ಟ್ ಮುಟ್ಟಿದರೆ ಮೋಟಾರ್ ನಡೆಸುವ ಕಂಟ್ರೋಲರ್ ತನ್ನ ಜೀವ ಉಳಿಸಿಕೊಳ್ಳಲು ಆಫ್ ಆಗುತ್ತದೆ. ಅದರ ಜೊತೆಗೇ ಬ್ರೇಕೂ ಹೋಗುತ್ತದೆ.

ಮೊದಲು ಅನುಮಾನ ಬಂದದ್ದು ಕೆಪಾಸಿಟರ್ ಮಾರಿದ ಬೆಂಗಳೂರಿನ ಅಂಗಡಿಯವನ ಮೇಲೆ. ಸರಿಯಾಗೇ ಇತ್ತು! ಒಂದೊಂದರ ಮೇಲೂ ಅಚ್ಚಾಗಿರುವುದು 100 ಫ್ಯಾರಡ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ). 5 ಆಂಪಿಯರ್ ಎಳೆದರೆ ಒಂದು ವೋಲ್ಟ್ ಇಳಿಯಲು 20 ಸೆಕೆಂಡ್ ಬೇಕು. ಇವನ ಮಾಲು 12 ಸೆಕೆಂಡಿಗೇ ಸುಸ್ತು. ಅಂದರೆ 60 ಫ್ಯಾರಡ್. ಫೋನ್ ಮಾಡಿದರೆ "ನಿಮ್ಮ ಮೀಟರ್ ಸರಿ ಇಲ್ಲ ಸಾರ್" ಅಂದ. ಮೀಟರ್ ಅಲ್ಲ ಕಣಯ್ಯಾ, ಗೋಡೆ ಗಡಿಯಾರ! ಬೇರೆ ಕಡೆಯಿಂದ ನಿಜವಾದ 100 ಫ್ಯಾರಡ್ ತರಿಸಿದೆ. ದುಡ್ಡು ಡಬಲ್.

ಎರಡನೇ ಭಾನುವಾರ ಬಸ್ಸು ಇನ್ನೂರು ಮೀಟರ್ ಹೋಗಿ ಮತ್ತೆ ಅದೇ ಆಟ. ಈ ಸಲ ಚರಂಡಿ.

ಆಮೇಲೆ ಸುಮ್ನೆ ಕೂತು ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು, ಅಲ್ವಾ? ಸೆಕೆಂಡಿಗೆ ಮೂರು ಮೀಟರ್ ವೇಗದಲ್ಲಿ ಒಂದು ಸ್ಟಾಪ್‌ಗೆ ಬ್ರೇಕ್ ಹಾಕಿದರೆ ಹೆಚ್ಚೆಂದರೆ 80 ಜೂಲ್ ಶಕ್ತಿ ಸಿಗುತ್ತದೆ. ಆದರೆ 18 ಕೆಜಿ 30 ಮೀಟರ್ ಇಳಿದರೆ 5,300 ಜೂಲ್. ಚಕ್ರದ ಉಜ್ಜಾಟ, ಮೋಟಾರಿನ ನಷ್ಟ ಕಳೆದರೂ ಸುಮಾರು 2,400 ಜೂಲ್ ಕೆಪಾಸಿಟರ್‌ಗೆ ಬಂದು ಸೇರುತ್ತದೆ. ನನ್ನ ಕೆಪಾಸಿಟರ್‌ಗಳಲ್ಲಿ 8ರಿಂದ 16 ವೋಲ್ಟ್ ನಡುವೆ ಜಾಗ ಇರುವುದೇ 1,600ಕ್ಕೆ. ಅಂಗಡಿಯವನು ಮೋಸ ಮಾಡಿದ್ದು ನಿಜ. ಆದರೆ ಅವನು ಸಾಚಾ ಆಗಿದ್ದರೂ ಬಸ್ಸು ಚರಂಡಿಗೇ.

ನಾನು ನಕಲು ಮಾಡಿದ್ದೇ ಸಪಾಟು ಊರಿನ ಬಸ್ಸನ್ನು. 2018ರಲ್ಲಿ ಮುಂಬೈನ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಕಡೆ ಟಾಟಾದ ಹೈಬ್ರಿಡ್ ಬಸ್ಸುಗಳು ಓಡಾಡಿದವು. ಅಲ್ಲಿ ನಿಲ್ಲು, ಹೊರಡು, ನಿಲ್ಲು, ಅಷ್ಟೇ. ಬ್ರೇಕಿನಲ್ಲಿ ಸಿಕ್ಕಿದ್ದು ಮರುಕ್ಷಣ ಹೊರಡಲು ಖರ್ಚು. ಅಂಥದೊಂದು 15 ಟನ್ ಬಸ್ಸು ಮಡಿಕೇರಿಯಿಂದ ಘಾಟಿ ಕೆಳಗಿನ ಸಂಪಾಜೆಗೆ ಇಳಿಯಲಿ. ಸಾವಿರ ಮೀಟರ್ ಇಳಿತಕ್ಕೆ 40 ಯೂನಿಟ್ ಕರೆಂಟಿನಷ್ಟು ಶಕ್ತಿ. ಎಲ್ಲಿ ತುಂಬಿಸುತ್ತೀರಿ? ನಮ್ಮ ಘಾಟಿ ಡ್ರೈವರುಗಳು ಗೇರ್ ಇಳಿಸಿ ಎಂಜಿನ್ ಮೇಲೆ ಹೊರೆ ಹಾಕುವುದು ಇದಕ್ಕೇ.

(ಇಲ್ಲೇ ಮುಂದಿನ ಪ್ರಾಜೆಕ್ಟ್ ಹೊಳೆಯಿತು. ತೋಟದ ಇಳಿಜಾರಿಗೆ ಹಗ್ಗದ ಟ್ರಾಲಿ. ಕಾಫಿ ಚೀಲ ಕೆಳಗೆ ಬರುವಾಗ ಖಾಲಿ ಟ್ರಾಲಿ ತಾನಾಗಿ ಮೇಲೆ ಹೋಗಬೇಕು. ಮೋಟಾರೂ ಬೇಡ, ಕೆಪಾಸಿಟರೂ ಬೇಡ, ಆ ಅಂಗಡಿಯವನೂ ಬೇಡ. ರಾಟೆ ಈಗಾಗಲೇ ನೋಡಿಟ್ಟಿದ್ದೇನೆ. ಮನೆಯಲ್ಲಿ ಹೇಳಿಲ್ಲ.)

ಪರಿಹಾರ ಸಿಕ್ಕಿದ್ದು ಅಟ್ಟದಲ್ಲಿ. ಹಳೇ 1,000 ವ್ಯಾಟ್ ಕರೆಂಟ್ ಒಲೆಯ ಕಾಯಿಲ್. ಪೂರ್ತಿ 50 ಓಮ್ ಚಿಲ್ಲರೆ, ಅದರಿಂದ 2 ಓಮ್‌ನ ತುಂಡು ಕತ್ತರಿಸಿ ಬಸ್ಸಿನ ಟಾಪ್ ಮೇಲೆ ಕೂರಿಸಿದೆ. ಡೀಸೆಲ್ ರೈಲು ಎಂಜಿನ್‌ನಲ್ಲಿ ಇರುವುದೂ ಇದೇ ಉಪಾಯ: ಹೆಚ್ಚಾದ ಕರೆಂಟನ್ನು ಶಾಖವಾಗಿಸಿ ಗಾಳಿಗೆ ಬಿಡುವುದು. 15.5 ವೋಲ್ಟಿಗೆ ಕಾಯಿಲ್ ಆನ್, 14.8ಕ್ಕೆ ಆಫ್. ಮೊದಲು ಎರಡಕ್ಕೂ 15.5 ಇಟ್ಟು, ಕಾಯಿಲನ್ನು ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್ (ಮಾಸ್ಫೆಟ್) ಪಟಪಟ ಬಡಿದುಕೊಂಡು ಸತ್ತಿತು. ಮೂರನೇ ಭಾನುವಾರದ ಕಥೆ ಅಷ್ಟೇ.

ಇನ್ನೊಂದು ಬದಲಾವಣೆ: ಗೇಟ್ ಬಿಡುವ ಮೊದಲೇ ಎಂಜಿನ್ ನಿಲ್ಲಿಸಿ ಕೆಪಾಸಿಟರನ್ನು 9 ವೋಲ್ಟಿಗೆ ಇಳಿಸುವುದು. ಗುಡ್ಡದ ಮೇಲಿಂದ ಹೊಟ್ಟೆ ತುಂಬಿಸಿಕೊಂಡು ಹೊರಡುವುದೇ ತಪ್ಪು. ಮುಂದೆ ಇಳಿಜಾರಿದೆ ಅಂತ ಬಸ್ಸಿಗೆ ಗೊತ್ತಾಗುವುದು ಹೇಗೆ? ಸದ್ಯಕ್ಕೆ ಕಂಡಕ್ಟರ್ ಎರಡು ವಿಷಲ್ ಹೊಡೆಯುತ್ತಾನೆ, ನಾನು ಸ್ವಿಚ್ ಒತ್ತುತ್ತೇನೆ.

ಇವತ್ತು ಮೂರೂ ಸ್ಟಾಪ್ ಸಲೀಸು. ಕೆಳಗೆ ಮುಟ್ಟಿದಾಗ ಟಾಪ್‌ನಿಂದ ಕಾಫಿ ಹುರಿದ ಘಮ. ಮೊದಲ ದಿನದ ಬೀಜ ಒಂದೆರಡು ಅಲ್ಲೇ ಸಿಕ್ಕಿಕೊಂಡಿದ್ದವು. ಆಂಟಿಗೆ ಇನ್ನೂ ಎರಡು ಸೇರು ಬಾಕಿ.